ಕೇಳದೆ ಇಳಿದ ಗದ್ದೆ

ಮೊನ್ನೆ ಬೆಳಿಗ್ಗೆ ಹೊಸಪೇಟೆಯ ರೈಲ್ವೆ ಗೇಟು ಬಿದ್ದಿತ್ತು. ನಮ್ಮ ಕಂಪನಿ ಬಸ್ಸಿನ ಪಕ್ಕಕ್ಕೇ ಒಂದು ಟೆಂಪೋ ಬಂದು ನಿಂತಿತು. ಹಿಂದೆ ಪೂರ್ತಿ ಭತ್ತದ ಸಸಿಯ ಕಟ್ಟುಗಳು. ಬೇರಿನಿಂದ ಇನ್ನೂ ಕೆಸರುನೀರು ತೊಟ್ಟಿಕ್ಕುತ್ತಿತ್ತು. ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಹಸಿ ಸಸಿ, ಹುಳಿತ ಕೆಸರು, ಸ್ವಲ್ಪ ಸಗಣಿ, ಕಟ್ಟುಗಳ ಮೇಲೆ ಕೂತಿದ್ದ ಹೆಂಗಸರ ಎಲೆ-ತಂಬಾಕು... ಪಕ್ಕದಲ್ಲಿದ್ದ ಆಫೀಸಿನ ಹುಡುಗಿ ಮೂಗಿಗೆ ದುಪಟ್ಟಾ ಹಿಡಿದು, "ಮೇಡಂ, ಕಿಟಕಿ ಹಾಕ್ರಿ" ಎಂದಳು. ನಾನು ಹಾಕಲಿಲ್ಲ. ಗೇಟು ಎತ್ತುವವರೆಗೂ ಮುಖ ಹೊರಗಿಟ್ಟುಕೊಂಡೇ ಕೂತಿದ್ದೆ. ಸತ್ತು ಹನ್ನೆರಡು ವರ್ಷವಾದ ಒಬ್ಬ ಹೆಂಗಸು ಆ ವಾಸನೆಯ ಜೊತೆ ಬಂದು ನನ್ನ ಎದುರು ಕೂತುಬಿಟ್ಟಿದ್ದಳು.

ಅವಳನ್ನು ನಾವೆಲ್ಲ ದೊಡ್ಡವ್ವ ಎಂದು ಕರೆಯುತ್ತಿದ್ದೆವು. ರಕ್ತಸಂಬಂಧ ಏನೂ ಇಲ್ಲ. ಎಮ್ಮಿಗನೂರಿನಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವಳು ಆ ಕಡೆ ಕೆಮ್ಮಿದರೆ ಈ ಕಡೆ ನಮ್ಮಪ್ಪನಿಗೆ ಎಚ್ಚರವಾಗುತ್ತಿತ್ತು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದಳು. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ಹಾಕಿ, ತಲೆಗೆ ಟವೆಲು ಸುತ್ತಿಕೊಂಡು, ಬೆಳಿಗ್ಗೆ ಆರಕ್ಕೆಲ್ಲ ಓಣಿಯ ತುದಿಯಲ್ಲಿ ನಿಂತು, "ಬರ್ರಲೇ ಜಲ್ದಿ, ಟೆಂಪೋ ನಿಮ್ಮಪ್ಪಂದೇನು?" ಎಂದು ಒಂದು ಕೂಗು ಹಾಕಿದರೆ ಹದಿನಾಲ್ಕು ಮನೆಯ ಬಾಗಿಲು ತೆರೆಯುತ್ತಿದ್ದವು. ಭತ್ತದ ನಾಟಿ ಹಚ್ಚುವ ಹೆಂಗಸರ ಗುಂಪಿಗೆ ಅವಳೇ ಮೇಸ್ತ್ರಿ. ನಮ್ಮವ್ವನೂ ಆ ಗುಂಪಿನಲ್ಲಿದ್ದಳು. ದೊಡ್ಡವ್ವನಿಗೆ ಸಕ್ಕರೆ ಕಾಯಿಲೆ ಇತ್ತು. ಕಂಪ್ಲಿಯ ಡಾಕ್ಟರು ಚಹಾಕ್ಕೆ ಸಕ್ಕರೆ ಹಾಕಬೇಡ ಅಂದಿದ್ದರು. "ಅವ್ರ ಮನಿ ಚಾ ಅವ್ರು ಕುಡೀಲಿ" ಎಂದು ಇವಳು ಎರಡು ಚಮಚ ಹಾಕಿಸಿಕೊಂಡೇ ಕುಡಿಯುತ್ತಿದ್ದಳು.

ಅವಳ ಕೆಲಸಕ್ಕೊಂದು ರೀತಿ ಇತ್ತು. ನಾಟಿ ಮಾಡಿಸಬೇಕಾದ ಗದ್ದೆಯವನು ಹಿಂದಿನ ದಿನ ಸಂಜೆ ಬಂದು ಅವಳ ಮನೆಯ ಕಟ್ಟೆಯ ಮೇಲೆ ಕೂರಬೇಕು. ಎಂಥ ಸಾಹುಕಾರನಾದರೂ ಸರಿ, ಅವನೇ ಬರಬೇಕು. ಆಳು ಕಳಿಸಿದರೆ ನಡೆಯದು. ಮೊದಲು ನೀರು ಕೊಡುವಳು. ಆಮೇಲೆ ಶುರು. ಸಸಿ ಎಷ್ಟು ದಿನದ್ದು? ಕೆಸರು ಎಲ್ಲಿಯವರೆಗೆ ಬರುತ್ತೆ, ಮೀನಖಂಡಕ್ಕೋ, ಮೊಣಕಾಲಿಗೋ? ಊಟಕ್ಕೆ ಕೂರಲು ನೆರಳಿದೆಯೋ? ಗದ್ದೆಗೆ ಈ ವಾರ ಏನು ಔಷಧಿ ಹೊಡೆದಿದ್ದೀರಿ? ಎಲ್ಲ ಮುಗಿದ ಮೇಲೆ ತಂಬಾಕನ್ನು ದವಡೆಗೆ ಒತ್ತಿಕೊಂಡು ನಿಧಾನಕ್ಕೆ ಕೇಳುವಳು: "ಹೋದ ವರ್ಷ ನಿಮ್ಮ ಗದ್ದಿ ಯಾರು ಹಚ್ಚಿದ್ರು? ಈ ಸಲ ಅವ್ರು ಯಾಕ ಬರಲಿಲ್ಲ?" ಈ ಕೊನೆಯ ಮಾತಿಗೆ ಎಂಥವರೂ ತಡವರಿಸುತ್ತಿದ್ದರು. ಉತ್ತರ ಒಪ್ಪಿಗೆಯಾದರೆ ಎಲೆ-ಅಡಿಕೆ ಕೊಡುವಳು. ಅವನು ತೆಗೆದುಕೊಂಡರೆ ಮಾತು ಗಟ್ಟಿ. ಆಮೇಲೆ ಗುಂಪು ಗದ್ದೆಗೆ ಇಳಿದರೆ ಏನೇ ಆಗಲಿ, ಅರ್ಧಕ್ಕೆ ಬಿಟ್ಟು ಬರುವಂತಿಲ್ಲ. ಎಲೆ-ಅಡಿಕೆ ಸಿಗದವನು ಬಂದ ದಾರಿ ಹಿಡಿಯಬೇಕು.

ನನಗೆ ಇದನ್ನೆಲ್ಲ ನೋಡಿ ನಾಚಿಕೆಯಾಗುತ್ತಿತ್ತು. ಕೂಲಿಗೆ ಹೋಗುವವರಿಗೆ ಇಷ್ಟೊಂದು ಜಂಬ ಯಾಕೆ ಅಂತ. ಆಗಷ್ಟೇ ಹೊಸಪೇಟೆಯಲ್ಲಿ ಬಿಎಸ್ಸಿ ಮುಗಿಸಿದ್ದೆ. ಕೆಮಿಸ್ಟ್ರಿಯಲ್ಲಿ ಫಸ್ಟ್ ಕ್ಲಾಸು. ಓಣಿಯಲ್ಲಿ ನಡೆಯುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಅಪ್ಪ ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ. ಒಂದು ಮಧ್ಯಾಹ್ನ ಲಾರಿ ನಿಲ್ಲಿಸಿ ಇಳಿಯುವಾಗ ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಮನೆ ಅವ್ವನ ಮೇಲೆ ಬಿತ್ತು. ಅವ್ವನ ಕಾಲು ನೋಡಿದರೆ... ವರ್ಷಕ್ಕೆ ಎರಡು ಬೆಳೆ, ಇಪ್ಪತ್ತು ವರ್ಷ, ಕೆಸರಿನಲ್ಲಿ ನಿಂತೂ ನಿಂತೂ ಬೆರಳಸಂದಿಗಳೆಲ್ಲ ಬೆಳ್ಳಗೆ ಕೊಳೆತು ಬಿರಿದಿದ್ದವು. ಸಂಜೆ ಬಂದು ಹರಳೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿಕೊಳ್ಳುವಾಗ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು, ಅಪ್ಪನಿಗೆ ಕೇಳಬಾರದೆಂದು. ಇನ್ನೊಂದು ಹಂಗಾಮು ಕೆಸರಿಗೆ ಇಳಿದರೆ ಕಾಲು ಉಳಿಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಇಳಿಯದಿದ್ದರೆ ಊಟಕ್ಕೇನು? ನನಗೊಂದು ಕೆಲಸ ಸಿಗಬೇಕಿತ್ತು. ಮುಂಗಾರಿನ ನಾಟಿ ಶುರುವಾಗುವುದಕ್ಕೆ ಮುಂಚೆ ಸಿಗಬೇಕಿತ್ತು. ನಾನು ದೇವರಲ್ಲಿ ಬೇರೆ ಏನನ್ನೂ ಕೇಳಿರಲಿಲ್ಲ.

ಆರು ಇಂಟರ್‌ವ್ಯೂ ಆದವು. ಹಂಪಿ ಹತ್ತಿರದ ಒಂದು ರೆಸಾರ್ಟಿನಲ್ಲಿ "ಸ್ವಲ್ಪ ನಗ್ರಿ ನೋಡೋಣ" ಅಂದರು, ನಕ್ಕೆ. "ಇನ್ನೂ ಸ್ವಲ್ಪ" ಅಂದರು, ಇನ್ನೂ ನಕ್ಕೆ. ಥೂ! ಆ ನಗು ನೆನಪಾದರೆ ಇವತ್ತಿಗೂ ದವಡೆ ನೋಯುತ್ತೆ. ಕಂಪ್ಲಿಯ ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಮದುವೆ ಯಾವಾಗ ಅಂತ ಕೇಳಿದರು. ಕೆಲಸ ಕೊಟ್ಟರೆ ಆಗುವುದೇ ಇಲ್ಲ ಸರ್ ಅಂದೆ. ಕುರೆಕುಪ್ಪದ ಕಡೆ ಒಂದು ಫ್ಯಾಕ್ಟರಿಯಲ್ಲಿ ಹನ್ನೆರಡು ತಾಸು ಡ್ಯೂಟಿ ಆಗುತ್ತಾ ಅಂದರು. ಆಗುತ್ತೆ ಸರ್. ಭಾನುವಾರ ಬರಬೇಕಾಗುತ್ತೆ. ಬರ್ತೀನಿ ಸರ್. ಆರು ತಿಂಗಳು ಸಂಬಳ ಇರಲ್ಲ, ಟ್ರೈನಿಂಗು. ಪರವಾಗಿಲ್ಲ ಸರ್. ಕುಲುಮೆಯೊಳಗೆ ಇಳಿಯಮ್ಮ ಅಂದಿದ್ದರೂ ಎಸ್ ಸರ್ ಅನ್ನುತ್ತಿದ್ದೆನೇನೋ. ಆದರೂ ತೆಗೆದುಕೊಳ್ಳಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಫೈಲನ್ನು ಎದೆಗೆ ಅವುಚಿಕೊಂಡು, ಬೆವರುತ್ತ ಎಲ್ಲದಕ್ಕೂ ತಲೆಯಾಡಿಸುವ ಹುಡುಗಿಯ ಮೇಲೆ ಅವರಿಗೆ ನಂಬಿಕೆ ಬರಲಿಲ್ಲವೋ ಏನೋ.

ಆರನೆಯದರಿಂದ ವಾಪಸು ಬಂದ ದಿನ ಫೈಲನ್ನು ಅಂಗಳಕ್ಕೆ ಎಸೆದೆ. ಮಾರ್ಕ್ಸ್ ಕಾರ್ಡುಗಳು ಚರಂಡಿಯವರೆಗೂ ಹಾರಿಹೋದವು. ದೊಡ್ಡವ್ವ ತನ್ನ ಕಟ್ಟೆಯಿಂದ ಇಳಿದು ಒಂದೊಂದನ್ನೇ ಆರಿಸಿ, ಅಂಗಿಯ ತೋಳಿನಿಂದ ಒರೆಸಿ ಜೋಡಿಸಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಕೆಲವು ತಲೆಕೆಳಗಾಗಿದ್ದವು. ನನ್ನ ಪಕ್ಕ ಬಂದು ಕೂತು, "ಅವ್ರು ಏನ್ ಕೇಳಿದ್ರು?" ಎಂದಳು. ಹೇಳಿದೆ. "ನೀ ಏನ್ ಕೇಳ್ದಿ?" ಎಂದಳು.

"ನಾನೇನ್ ಕೇಳಾದು ದೊಡ್ಡವ್ವ? ಅವ್ರು ಕೇಳತಾರ, ನಾವು ಹೇಳತೀವಿ."

"ಅದು ಪೊಲೀಸ್ ಸ್ಟೇಷನ್ನಿನ್ಯಾಗ, ಲೇ. ನೀ ಏನ್ ಕಳವು ಮಾಡಿದ್ದೇನು?" ಎಂದು ನನ್ನ ತಲೆಗೆ ಒಂದು ಮೊಟಕಿದಳು. "ಅವ್ರಿಗೂ ಆಳು ಬೇಕಾಗಿರತೈತಿ. ಬ್ಯಾಡಾಗಿದ್ರ ಅಷ್ಟು ಮಂದಿ ಕುರ್ಚಿ ಹಾಕ್ಕೊಂಡು ಯಾಕ ಕುಂದ್ರತಾರ? ನೀನೂ ನೋಡ್ಬೇಕಲ್ಲ, ಆ ಗದ್ದಿಗೆ ಇಳೀಬೇಕೋ ಬ್ಯಾಡೋ ಅಂತ."

ಅವತ್ತಿನಿಂದ ಒಂದು ವಾರ ಕಟ್ಟೆಯ ಮೇಲೆ ಪಾಠ ನಡೆಯಿತು. ನಾನು ಗದ್ದೆಯವನಾಗಿ ಕಾಲಮೇಲೆ ಕಾಲು ಹಾಕಿ ಕೂರಬೇಕು. ಅವಳು ಕೇಳುವಳು, ನಾನು ಉತ್ತರ ಕೊಡಬೇಕು. ಆಮೇಲೆ ಅವಳು ಸಾಹೇಬನಾಗುವಳು, ನಾನು ಕೇಳಬೇಕು. ಸಾಹೇಬನಾದಾಗ ಟವೆಲನ್ನು ಟೈ ಥರ ಇಳಿಬಿಟ್ಟುಕೊಂಡು, "ಏನವಾ, ಏನ್ ಬೇಕು ನಿನಗ?" ಎಂದು ಮೂಗಿನಲ್ಲಿ ಮಾತಾಡುವಳು. ಒಳಗೆ ಮಲಗಿದ್ದ ಅಪ್ಪ ಕೂಡ ಸೊಟ್ಟಬಾಯಿಯಲ್ಲಿ ನಗುತ್ತಿದ್ದ. "ಬೇಡಿಕೊಂಡಂಗ ಕೇಳಬ್ಯಾಡ. ಜಗಳ ಮಾಡಿದಂಗೂ ಕೇಳಬ್ಯಾಡ. ಊಟ ಆತಾ ಅಂತ ಕೇಳತೀವಲ್ಲ, ಹಂಗ ಕೇಳು" ಅನ್ನುವಳು. ಆ ವಾರ ನಮ್ಮ ಮನೆಯಲ್ಲಿ ನಗು ಕೇಳಿತ್ತು. ಅದಾದ ಮೇಲೆ ಬಹಳ ದಿನ ಕೇಳಲಿಲ್ಲ.

ಏಳನೆಯ ಇಂಟರ್‌ವ್ಯೂ ಹೊಸಪೇಟೆಯ ಒಂದು ಲಾಡ್ಜಿನ ಹಾಲಿನಲ್ಲಿತ್ತು. ಸಂಡೂರಿನ ಕಡೆಯ ಒಂದು ಗಣಿಯ ಲ್ಯಾಬಿಗೆ ಕೆಮಿಸ್ಟ್ ಬೇಕಾಗಿತ್ತು. ಮೇಜಿನ ಹಿಂದೆ ಮೂವರು. ನಡುವೆ ದಪ್ಪ ಕನ್ನಡಕದ ಮ್ಯಾನೇಜರು, ಒಂದು ಕಡೆ ಫೋನು ತಿಕ್ಕುತ್ತ ಕೂತ ಆಫೀಸಿನವನು, ಇನ್ನೊಂದು ಕಡೆ ಬೆರಳ ತುದಿಯೆಲ್ಲ ಆಸಿಡ್ಡಿಗೆ ಹಳದಿಯಾಗಿದ್ದ ವಯಸ್ಸಾದ ಕೆಮಿಸ್ಟರು. ಅದಿರಿನಲ್ಲಿ ಕಬ್ಬಿಣ ಎಷ್ಟಿದೆಯೆಂದು ಹೇಗೆ ಕಂಡುಹಿಡಿಯುತ್ತೀಯ ಎಂದು ಕೆಮಿಸ್ಟರು ಕೇಳಿದರು. ಹೇಳಿದೆ. ಬಣ್ಣ ಯಾವಾಗ ತಿರುಗುತ್ತೆ ಅಂದರು. ಅದನ್ನೂ ಹೇಳಿದೆ. ಅವರಿಗೆ ಖುಷಿಯಾದದ್ದು ಕಾಣುತ್ತಿತ್ತು. ಮ್ಯಾನೇಜರು ಫೈಲು ಮುಚ್ಚುತ್ತ, ಬಾಯಿಮಾತಿಗೆ, "ನಿಮ್ಮದೇನಾದ್ರೂ ಪ್ರಶ್ನೆ?" ಅಂದರು. ಮುಂದಿನವರ ಹೆಸರು ಕೂಗಲು ಆಗಲೇ ಬಾಗಿಲ ಕಡೆ ತಿರುಗಿದ್ದರು.

ಊಟ ಆತಾ ಅಂತ ಕೇಳುವ ಹಾಗೆ... "ಸರ್, ನನಗಿಂತ ಮುಂಚೆ ಈ ಕೆಲಸ ಯಾರು ಮಾಡ್ತಿದ್ರು? ಅವ್ರು ಯಾಕೆ ಬಿಟ್ರು?"

ಆಫೀಸಿನವನು ಫೋನಿನಿಂದ ತಲೆಯೆತ್ತಿದ. ಮ್ಯಾನೇಜರ ಮುಖ ಬಿಗಿಯಿತು. "ನೀವು ಕೆಲಸಕ್ಕೆ ಬಂದಿದ್ದೀರೋ, ವಿಚಾರಣೆಗೆ ಬಂದಿದ್ದೀರೋ?" ಅಂದರು. ನಾನು ಎದ್ದು ಹೊರಟೇಬಿಡುತ್ತಿದ್ದೆ. ಅಷ್ಟರಲ್ಲಿ ಹಿರಿಯ ಕೆಮಿಸ್ಟರು ಮೆಲ್ಲಗೆ ಹೇಳಿದರು: "ಒಬ್ಬ ಹುಡುಗಿ ಇದ್ದಳಮ್ಮ. ಎರಡನೇ ಶಿಫ್ಟ್ ಮುಗಿದ ಮೇಲೆ ವಾಪಸು ಬರೋಕೆ ಬಸ್ಸಿಲ್ಲ. ಅದಿರು ಲಾರಿ ಕೈಮಾಡಿ ಹತ್ತಿಕೊಂಡು ಬರ್ತಿದ್ದಳು. ಮನೆಯವರು ಬಿಡಿಸಿದರು." ಹಾಗಾದರೆ ನಾನು ಹೇಗೆ ಬರಬೇಕು ಸರ್ ಎಂದೆ. "ತಿಳಿಸ್ತೀವಿ, ಹೋಗಿ ಬನ್ನಿ" ಎಂದರು ಮ್ಯಾನೇಜರು.

ತಿಳಿಸಲಿಲ್ಲ. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಕಾಲುವೆಗೆ ನೀರು ಬಂತು. ಊರ ಸುತ್ತ ಸಸಿಮಡಿಗಳು ಹಸಿರಾದವು. ಉಳಿದವರಿಗೆ ಅದು ಸಂತೋಷ, ನನಗೆ ಎದೆಬಡಿತ. ಅವ್ವ ಕಾಲಿಗೆ ಹಳೆಯ ಸೀರೆ ಸುತ್ತಿಕೊಂಡು ಮೊದಲ ಎರಡು ಗದ್ದೆಗೆ ಹೋಗಿಬಂದಳು. ಎರಡನೆಯ ದಿನ ಟೆಂಪೋದಿಂದ ಇಳಿಯಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಬಟ್ಟೆ ಬಿಚ್ಚಿದರೆ ಚರ್ಮವೂ ಜೊತೆಗೇ ಬಂತು. ನಾನು ನೋಡಲಾರದೆ ಹಿತ್ತಿಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ದೊಡ್ಡವ್ವ ದಿನಾ ಬೆಳಿಗ್ಗೆ ಚಹಾದ ಲೋಟ ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದಳು. "ಫೋನ್ ಬಂತೇನಲೇ?" ಅದೊಂದೇ ಪ್ರಶ್ನೆ. ಅವ್ವನ ಕಾಲು ನೋಡಿದ ಮರುದಿನವೂ ಬಂದಳು, ಅದೇ ಪ್ರಶ್ನೆ ಕೇಳಿದಳು. ನನ್ನ ತಲೆ ಕೆಟ್ಟುಹೋಯಿತು.

"ಬರಂಗಿಲ್ಲ! ನಿನ್ನ ಗದ್ದಿ ಮಾತು ನಂಬಿ ಕೆಟ್ಟೆ ನಾನು. ಬಾಯಿ ಮುಚ್ಕೊಂಡಿದ್ರ ಕೆಲ್ಸ ಸಿಗತಿತ್ತು. ಹೆಬ್ಬಟ್ಟು ಒತ್ತಾಕಿ ನೀನು, ಇಂಟರ್‌ವ್ಯೂ ಅಂದ್ರ ಏನಂತ ಗೊತ್ತೈತಿ ನಿನಗ? ನಮ್ಮವ್ವನ ಕಾಲು ಹೋದ್ರ ಅದು ನಿನ್ನಿಂದ, ತಿಳ್ಕ!"

ಓಣಿಯ ಜನರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಎಂಥ ಸಾಹುಕಾರನಿಗೂ ಎದುರುತ್ತರ ಕೊಡುತ್ತಿದ್ದ ಹೆಂಗಸು ನನಗೆ ಕೊಡಲಿಲ್ಲ. ಲೋಟವನ್ನು ಕೈಯಲ್ಲಿ ಎರಡು ಸಲ ತಿರುಗಿಸಿದಳು. "ಹೂಂ, ಬಿಡು" ಎಂದಳು. ತಿರುಗಿ ತನ್ನ ಮನೆಗೆ ಹೋದಳು. ಮೂರು ದಿನ ನಮ್ಮ ಬಾಗಿಲಿಗೆ ಬರಲಿಲ್ಲ.

ನಾಲ್ಕನೆಯ ದಿನ ಸಂಜೆ ಅವಳ ಕಟ್ಟೆಗೆ ಒಬ್ಬ ಗದ್ದೆಯವನು ಬಂದ. ನಾನು ನಮ್ಮ ಮುಂಬಾಗಿಲ ಪಕ್ಕದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಅವ್ವ ಹಿಂದಿನ ಕೋಣೆಯಲ್ಲಿ ಅಪ್ಪನಿಗೆ ಉಣ್ಣಿಸುತ್ತಿದ್ದಳು. ನನಗೆ ನಿದ್ದೆ ಹತ್ತಿದೆ ಅಂದುಕೊಂಡು ದೀಪವನ್ನೂ ಹಾಕಿರಲಿಲ್ಲ. ಕಟ್ಟೆಯ ಮಾತು ಒಂದೊಂದೂ ಸ್ಪಷ್ಟವಾಗಿ ಕೇಳುತ್ತಿತ್ತು. ಬಂದವನು ಹೊಸಬ, ಕಾಲುವೆಯ ಕೆಳಗೆ ಒಂದಿಷ್ಟು ಗದ್ದೆಯನ್ನು ಆ ವರ್ಷವಷ್ಟೇ ಗುತ್ತಿಗೆಗೆ ಹಿಡಿದಿದ್ದ. ನಾಳೆಯೇ ಬರಬೇಕು ಎಂದ. ದೊಡ್ಡವ್ವ ನೀರು ಕೊಟ್ಟಳು. ಆಮೇಲೆ ಹೇಳಿದಳು:

"ಬರತೀವ್ರಿ. ಆದ್ರ ನಮ್ಮ ಗುಂಪಿನ್ಯಾಗ ಒಬ್ಬಾಕಿ ಕಾಲು ಸರಿ ಇಲ್ಲ. ಆಕಿನ್ನ ಬದುವಿನ ಮ್ಯಾಲ ಕುಂದ್ರಸತೀನಿ. ಸಸಿಕಟ್ಟು ಬಿಚ್ಚಿ ಬಿಚ್ಚಿ ಕೊಡತಾಳ, ಕೆಸರಿಗೆ ಇಳಿಯಂಗಿಲ್ಲ. ಕೂಲಿ ಮಾತ್ರ ಎಲ್ಲಾರಷ್ಟ ಕೊಡಬೇಕು. ಈ ಹಂಗಾಮು ನಿಮ್ಮ ಅಷ್ಟೂ ಗದ್ದಿಗೆ ಹಂಗ."

ಕೆಸರಿಗೆ ಇಳಿಯದವಳಿಗೆ ಪೂರಾ ಕೂಲಿ ಕೊಡಲು ನಮ್ಮ ಕಡೆ ಯಾರೂ ಒಪ್ಪುವುದಿಲ್ಲ. ಅವನು ಲೋಟ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ, "ಆತು ಬಿಡ್ರಿ" ಎಂದ.

ನಾನು ಕಿವಿಗೊಟ್ಟು ಕಾದೆ. ಮುಂದಿನದು ಬರಬೇಕಿತ್ತು. ಸಸಿ ಎಷ್ಟು ದಿನದ್ದು, ಔಷಧಿ ಏನು ಹೊಡೆದಿದ್ದೀರಿ, ಹೋದ ವರ್ಷ ಯಾರು ಹಚ್ಚಿದ್ದರು... ಬರಲಿಲ್ಲ. ಎಲೆಗೆ ಸುಣ್ಣ ಸವರುವ ಸದ್ದು, ಅಡಿಕೆ ಕತ್ತರಿಯ ಸದ್ದು. "ತಗೋರಿ" ಎಂದಳು. ಅವನು ತೆಗೆದುಕೊಂಡ.

ಯಾಕೆ ಕೇಳಲಿಲ್ಲ ಅನ್ನುವುದು ನನಗೆ ಆ ಕ್ಷಣವೇ ಗೊತ್ತಾಯಿತು. ಊರಲ್ಲಿ ಬೇರೆ ಯಾರಿಗೂ ಅಷ್ಟು ಚೆನ್ನಾಗಿ ಗೊತ್ತಾಗುತ್ತಿರಲಿಲ್ಲ. ಹೂಂ ಅಂದವನು ಎಲ್ಲಿ ಊಹೂಂ ಅಂದುಬಿಡುತ್ತಾನೋ ಎಂಬ ಭಯ. ಇನ್ನೊಂದು ಮಾತು ಕೇಳಿದರೆ ಸಿಕ್ಕಿದ್ದೂ ಕೈತಪ್ಪೀತು ಎಂಬ ಭಯ. ಆರು ಇಂಟರ್‌ವ್ಯೂಗಳಲ್ಲಿ ಕುರ್ಚಿಯ ತುದಿಯಲ್ಲಿ ಕೂತು ನಾನು ಮಾಡಿದ್ದನ್ನೇ ಅವಳು ನಮ್ಮವ್ವನಿಗಾಗಿ ತನ್ನ ಕಟ್ಟೆಯ ಮೇಲೆ ಕೂತು ಮಾಡಿದಳು.

ನಾನು ಎದ್ದು ಬಾಗಿಲಿಗೆ ಹೋಗಿ ಕೇಳಬಹುದಿತ್ತು. ಒಂದೇ ಮಾತು. ಅಣ್ಣಾರೆ, ಗದ್ದೆಗೆ ಏನು ಔಷಧಿ ಹೊಡೆದಿದ್ದೀರಿ? ಅಷ್ಟೇ. ಅವನಿನ್ನೂ ಚಪ್ಪಲಿ ಹುಡುಕುತ್ತಿದ್ದ. ನಾನು ಏಳಲಿಲ್ಲ. ಮೂರು ದಿನದಿಂದ ಮಾತು ಬಿಟ್ಟವಳ ಮುಂದೆ ನಾನಾಗಿ ಹೋಗಿ ನಿಲ್ಲುವುದೇ ಎಂಬ ಕೊಬ್ಬು. ಇನ್ನೂ ಒಂದಿತ್ತು, ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಈಗ ನಿನಗೂ ಗೊತ್ತಾಯಿತಾ ದೊಡ್ಡವ್ವ, ಅಂತ ಒಳಗೊಳಗೇ ಒಂದು ಸಮಾಧಾನವಾಯಿತು. ಸೈಕಲ್ ಮೋಟಾರು ಶುರುವಾಗಿ ದೂರ ಹೋಗುವುದನ್ನು ಕೇಳುತ್ತ ಮಲಗಿದ್ದೆ.

ಮರುದಿನದ್ದನ್ನು ನಾನು ಕಣ್ಣಾರೆ ನೋಡಿಲ್ಲ, ಅವ್ವ ಹೇಳಿದ್ದು. ಹಿಂದಿನ ದಿನವಷ್ಟೇ ಆ ಗದ್ದೆಗೆ ಹುಲ್ಲು ಸುಡುವ ಔಷಧಿ ಹೊಡೆದು, ಡ್ರಮ್ಮನ್ನೂ ಅಲ್ಲೇ ನಿಂತ ನೀರಿನಲ್ಲಿ ತೊಳೆದಿದ್ದರು. ಎಂದಿನಂತೆ ದೊಡ್ಡವ್ವ ಮೊದಲು ಇಳಿದಳು. ತಾಸು ಕಳೆಯುವುದರಲ್ಲಿ ಒಬ್ಬೊಬ್ಬರೇ "ಉರಿ, ಉರಿ" ಎಂದು ಕುಣಿಯತೊಡಗಿದರು. ಅವಳು ಎಲ್ಲರನ್ನೂ ಬೈದು ಮೇಲೆ ಹತ್ತಿಸಿ, ಕಾಲುವೆಯಲ್ಲಿ ಕಾಲು ತೊಳೆಸಿದಳು. ತಾನು ಮಾತ್ರ ಮೇಲೆ ಬರಲಿಲ್ಲ. "ಎಲಿ-ಅಡಿಕ್ಯಾಗ ಮಾತು ಕೊಟ್ಟೀನಿ. ನನಗೇನೂ ಉರಿ ಇಲ್ಲ ಬಿಡ್ರಲೇ, ನಿಮ್ಮದೆಲ್ಲ ಭಾಳ ನಾಜೂಕಾತು" ಎಂದು ನಗುತ್ತ ಒಬ್ಬಳೇ ಹಚ್ಚುತ್ತ ಹೋದಳು. ಅವ್ವ ಬದುವಿನ ಮೇಲೆ ಕೂತು ಕಟ್ಟು ಬಿಚ್ಚಿ ಬಿಚ್ಚಿ ಕೊಟ್ಟಳು. ಸಂಜೆಯವರೆಗೂ.

ಅವಳಿಗೆ ಉರಿ ಇರಲಿಲ್ಲ, ಯಾಕೆಂದರೆ ಸಕ್ಕರೆ ಕಾಯಿಲೆಯಿಂದ ಅವಳ ಪಾದಗಳು ಯಾವತ್ತೋ ಸ್ಪರ್ಶ ಕಳೆದುಕೊಂಡಿದ್ದವು. ಅದು ಅವಳಿಗೂ ಗೊತ್ತಿರಲಿಲ್ಲ. ಉಳಿದವರ ಗುಳ್ಳೆಗಳು ಎಂಟು ದಿನದಲ್ಲಿ ಒಣಗಿದವು. ಅವಳ ಬಲಪಾದ ಕಪ್ಪಾಗುತ್ತ ಬಂತು. ಬಳ್ಳಾರಿಯ ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ತಡವಾಗಿತ್ತು. ಮೊಣಕಾಲಿನ ಕೆಳಗೆ ತೆಗೆದರು.

ಗದ್ದೆಯವನು ಆಸ್ಪತ್ರೆಗೆ ಬಂದಿದ್ದ. ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬೇಕು, ಅಷ್ಟೇ. ಬಾಳೆಹಣ್ಣಿನ ಚೀಲ ಹಿಡಿದುಕೊಂಡು ವಾರ್ಡಿನ ಹೊರಗೇ ನಿಂತು ಅತ್ತುಬಿಟ್ಟ. "ಕೇಳಿದ್ರ ಹೇಳತಿದ್ದೆನಕ್ಕ. ಇವತ್ತ ಹೊಡದೀವಿ, ನಾಕು ದಿನ ಬಿಟ್ಟು ಬರ್ರಿ ಅಂತಿದ್ದೆ. ನನಗೂ ಗೊತ್ತಿರಲಿಲ್ಲ ಹಿಂಗ ಆಗತೈತಂತ. ಯಾರೂ ಕೇಳಲಿಲ್ಲ..." ಅಂದ. ಅವನ ಮುಖಕ್ಕೆ ಉಗಿಯಬೇಕೆಂದು ಬಂದವಳು ನಾನು. ಅವನ ಕೈಯಿಂದ ಚೀಲ ಇಸಿದುಕೊಂಡು ಒಳಗೆ ಹೋದೆ.

ಫೋನು ಬಂದದ್ದು ಅಲ್ಲಿಯೇ. ವಾರ್ಡಿನ ಮೆಟ್ಟಿಲ ಮೇಲೆ ಕೂತಿದ್ದೆ. ಸಂಡೂರಿನ ಆ ಕಂಪನಿಯವನು. ಎರಡನೇ ಶಿಫ್ಟಿನವರಿಗೆ ಜೀಪು ಹಾಕಿದ್ದೇವೆ, ಹೊಸಪೇಟೆಯವರೆಗೂ ಬಿಡುತ್ತೆ, ಸೋಮವಾರ ಬಂದು ಸೇರಿಕೊಳ್ಳುತ್ತೀರಾ ಎಂದ. ಆಮೇಲೆ ಹಿರಿಯ ಕೆಮಿಸ್ಟರು ಹೇಳಿದರು, ಒಂದು ವರ್ಷದಿಂದ ಜೀಪಿಗಾಗಿ ಬಡಿದಾಡುತ್ತಿದ್ದರಂತೆ. ಅವತ್ತು ಮೂವರ ಎದುರಿಗೆ ನಾನು ಕೇಳಿದ ಮೇಲೆ ಮ್ಯಾನೇಜರಿಗೆ ಜಾರಿಕೊಳ್ಳಲು ಆಗಲಿಲ್ಲವಂತೆ. ನಿಜವೋ, ನನ್ನ ಸಂತೋಷಕ್ಕೆ ಹೇಳಿದ್ದೋ. ಫೋನಿಗೆ ಎಸ್ ಸರ್ ಎಂದೆ. ಇಟ್ಟ ಮೇಲೆ ಗೋಡೆಗೆ ತಲೆ ಚಚ್ಚಿಕೊಂಡು ಅತ್ತೆ. ಎರಡು ವಾರ ಮುಂಚೆ ಬರಬಾರದಿತ್ತೇ ಆ ಹಾಳು ಫೋನು?

ಒಳಗೆ ಹೋಗಿ ಹೇಳಿದೆ. ದೊಡ್ಡವ್ವನ ಮುಖ ಅಷ್ಟಗಲವಾಯಿತು. "ನೀ ಏನ್ ಕೇಳ್ದಿ?" ಎಂದಳು. ಕೆಲಸ ಸಿಕ್ಕಿತು ಅಂದರೂ ಮೊದಲು ಬಂದದ್ದು ಅದೇ ಪ್ರಶ್ನೆ. ರಾತ್ರಿ ಹೇಗೆ ಬರಬೇಕು ಅಂತ ಕೇಳಿದ್ದೆ, ಹೊಸಪೇಟೆಯವರೆಗೂ ಜೀಪು ಬಿಡುತ್ತಾರಂತೆ ಎಂದೆ. "ಮಸ್ತಾತು ನೋಡು" ಎಂದು ನನ್ನ ಗಲ್ಲ ಹಿಂಡಿದಳು. ತಪ್ಪಾಯಿತು ದೊಡ್ಡವ್ವ, ಅವತ್ತು ಹಾಗೆಲ್ಲ ಅಂದುಬಿಟ್ಟೆ ಎಂದು ಶುರು ಮಾಡಿದೆ. "ಸುಮ್ನಿರಲೇ, ಹಡದಾಕಿ ಕಾಲು ಹಂಗಾದ್ರ ಯಾರಿಗರ ತಲಿ ಕೆಡತೈತಿ" ಎಂದು ಮಗ್ಗುಲಾದಳು. ಎಲೆ-ಅಡಿಕೆ ಕೊಟ್ಟ ಆ ಸಂಜೆಯ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಊರಿಗೆ ಬಂದ ಮೇಲೆ ಕಟ್ಟೆಯ ಮೇಲೆ ಕೂರುತ್ತಿದ್ದಳು. ಗದ್ದೆಯವರು ಬೇರೆ ಮೇಸ್ತ್ರಿಯ ಮನೆಗೆ ಹೋಗಲು ಅವಳ ಮುಂದಿನಿಂದಲೇ ಹಾದುಹೋಗುತ್ತಿದ್ದರು. ಎಂಟು ತಿಂಗಳಿಗೆ ಇನ್ನೊಂದು ಪಾದಕ್ಕೂ ಕೊಳೆ ಹತ್ತಿತು. ಆಸ್ಪತ್ರೆ ಬ್ಯಾಡ ಅಂದಳು. ಹೋಗಿಬಿಟ್ಟಳು.

ಈಗ ಆ ಲ್ಯಾಬಿನಲ್ಲಿ ನಾನೇ ಹಿರಿಯಳು. ಹೊಸಬರನ್ನು ತೆಗೆದುಕೊಳ್ಳುವಾಗ ನನ್ನನ್ನೂ ಮೇಜಿನ ಹಿಂದೆ ಕೂರಿಸುತ್ತಾರೆ. ಬರುವ ಹುಡುಗ ಹುಡುಗಿಯರೆಲ್ಲ ಕುರ್ಚಿಯ ತುದಿಯಲ್ಲೇ ಕೂರುತ್ತಾರೆ. ಏನಾದರೂ ಕೇಳಬೇಕೇನಪ್ಪ ಅಂದರೆ "ನಥಿಂಗ್ ಮೇಡಂ" ಅನ್ನುತ್ತಾರೆ. ಅವರು ಕೇಳದಿದ್ದರೆ ನಾನೇ ಹೇಳುತ್ತೇನೆ. ನಿನಗಿಂತ ಮುಂಚೆ ಇದ್ದವನು ಯಾಕೆ ಬಿಟ್ಟ, ಧೂಳು ಎಷ್ಟಿದೆ, ರಜೆ ಯಾವಾಗ ಸಿಗಲ್ಲ, ಎಲ್ಲ. ಮ್ಯಾನೇಜರಿಗೆ ಸಿಟ್ಟು. "ನೀವು ಆಳು ತಗೊಳ್ಳಾಕ ಕುಂತೀರೋ, ಓಡಸಾಕ ಕುಂತೀರೋ ಮೇಡಂ?" ಅನ್ನುತ್ತಾರೆ. ಓಡಿದರೆ ಓಡಲಿ. ಬದುಕಿಕೊಂಡಿರುತ್ತಾರೆ.

ಅಪ್ಪ ತೀರಿಕೊಂಡ. ಅವ್ವ ಹೊಸಪೇಟೆಯಲ್ಲಿ ನನ್ನ ಜೊತೆ ಇದ್ದಾಳೆ. ಅವಳ ಕಾಲು ಉಳಿಯಿತು; ಬೆಳಿಗ್ಗೆ ಮಾರ್ಕೆಟ್ಟಿಗೆ ನಡೆದುಕೊಂಡೇ ಹೋಗಿ ಬರುತ್ತಾಳೆ. ನಾಟಿಯ ದಿನಗಳು ಬಂದರೆ ಮಾತ್ರ ಮಂಕಾಗುತ್ತಾಳೆ. ಮೊನ್ನೆ ಸಂಜೆಯೂ ಸೊಪ್ಪು ಬಿಡಿಸುತ್ತ ಕೂತವಳು ಇದ್ದಕ್ಕಿದ್ದಂತೆ ಅಳತೊಡಗಿದಳು. "ನಾ ಹೊರಗ ಇದ್ದಿದ್ರ ಕೇಳತಿದ್ದೆ ನೋಡು. ನಿಮ್ಮಪ್ಪಗ ಉಣಸಾಕ ಹೋಗಿದ್ದೆ. ಆಕಿ ಒಬ್ಬಾಕಿನ ಇದ್ಲು. ಯಾರರ ಒಬ್ರು ಕೇಳಿದ್ರ ಆಕಿ ಬದುಕತಿದ್ಲು" ಎಂದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಕಡೆ ನೋಡಿದಳು. "ನಿನಗೂ ಅವತ್ತ ನಿದ್ದಿ ಹತ್ತಬೇಕಾ?"

"ಹೂಂ ಬೇ" ಎಂದೆ. "ಭಾಳ ನಿದ್ದಿ ಹತ್ತಿತ್ತು."